ಮನೆ ಬೆಲೆಯ ಅಂದಾಜಿಗೆ (ಅಪ್ರೈಸಲ್) ನಾನು ಕಟ್ಟಿದ್ದು 700 ಡಾಲರ್, ಮನೆ ನೋಡಲು ಬಂದವರಿಗೆ ಸಿಕ್ಕಿದ್ದು 425. ನಡುವಿನ ಕಂಪನಿಗೆ ಲೈಸೆನ್ಸ್ ಇದೆಯಾ ಅಂತ ಎಲ್ಲಿ ನೋಡುವುದು?

ಫ್ರಿಸ್ಕೋರಾಗಿ:
ನಮಸ್ಕಾರ ಎಲ್ಲರಿಗೂ. ನಾವಿರುವುದು ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ. ಮನೆ ಸಾಲ ರೀಫೈನಾನ್ಸ್ ಮಾಡಿಸುತ್ತಿದ್ದೇನೆ, ಅಂದರೆ ಹಳೇ ಸಾಲದ ಬದಲು ಹೊಸ ಸಾಲ. ಅಪ್ರೈಸಲ್‌ಗೆ ಅಂತ ಸಾಲದವರು ಒಂದು ಲಿಂಕ್ ಕಳಿಸಿದರು, ಕಾರ್ಡ್ ಹಾಕಿ 700 ಡಾಲರ್ ಕಟ್ಟಿದೆ. ನಾಲ್ಕು ದಿನ ಬಿಟ್ಟು ಅಪ್ರೈಸರ್ ಬಂದರು. ವಯಸ್ಸಾದ ಮನುಷ್ಯ, ಬಹಳ ಶಿಸ್ತು. ನಾವು ಹೇಳುವ ಮೊದಲೇ ಬಾಗಿಲಲ್ಲಿ ಶೂ ಬಿಚ್ಚಿದರು. ಲೇಸರ್ ಹಿಡಿದು ರೂಮು ರೂಮು ಅಳೆದರು. ಹಿಂದಿನ ಪ್ಯಾಟಿಯೋಗೆ ಗಾಜು ಹಾಕಿಸಿ ದೇವರ ಮನೆ ಮಾಡಿಕೊಂಡಿದ್ದೇವೆ, ಅಲ್ಲಿ ನಿಂತು ಚಾವಣಿ ನೋಡಿ, ಇಲ್ಲಿಗೆ ಎ.ಸಿ. ಡಕ್ಟ್ ಬಂದಿಲ್ಲ ಅಲ್ವಾ ಅಂತ ಕೇಳಿ ಏನೋ ಗುರುತು ಹಾಕಿಕೊಂಡರು. ನನಗೆ ಆಗಲೇ ಅನುಮಾನ ಬಂತು, ಅದು ಬೇರೆ ಕಥೆ.

ಹೊರಡುವಾಗ ಕಾಫಿ ಕೊಟ್ಟೆವು. ಮಾತಿಗೆ ಮಾತು ಬಂದು, ನಿಮ್ಮ ಫೀ 700 ಆಯಿತಲ್ಲ ಅಂದೆ. ಅವರು ನಕ್ಕರು. ನನ್ನ ಕೈಗೆ ಬರುವುದು 425 ಅಂದರು. ಮಿಕ್ಕ 275 ಯಾರಿಗೆ ಅಂದರೆ, ನಡುವೆ ಒಂದು ಕಂಪನಿ ಇದೆ, ಎಎಂಸಿ (ಅಪ್ರೈಸಲ್ ಮ್ಯಾನೇಜ್‌ಮೆಂಟ್ ಕಂಪನಿ) ಅಂತಾರೆ, ಕೆಲಸ ಕೊಡುವವರು ಅವರೇ ಅಂದರು. ಈಗ ನನ್ನ ಪ್ರಶ್ನೆ. ಈ ಕಂಪನಿಯನ್ನು ನಾನು ಆರಿಸಿಲ್ಲ, ಅವರ ಹೆಸರೂ ಗೊತ್ತಿಲ್ಲ, ದುಡ್ಡು ಮಾತ್ರ ನನ್ನದು. ಇವರಿಗೆ ಸರ್ಕಾರದ ಲೈಸೆನ್ಸ್ ಏನಾದರೂ ಬೇಕಾ, ಅಥವಾ ಯಾರು ಬೇಕಾದರೂ ಅಂಗಡಿ ತೆಗೆಯಬಹುದಾ?

ಜರ್ಸಿಬೋಂಡಾ:
ಬ್ರೋಕರ್ ಗುರು, ಶುದ್ಧ ಬ್ರೋಕರ್. ನಮ್ಮೂರಲ್ಲಿ ಸೈಟ್ ತೋರಿಸುವವನು ಕನಿಷ್ಠ ಪಕ್ಷ ಬಿಸಿಲಲ್ಲಿ ಜೊತೆಗೆ ನಡೆದು ಬರುತ್ತಾನೆ. ಇವರು ಈಮೇಲ್ ಫಾರ್ವರ್ಡ್ ಮಾಡಿ 275 ತಗೊಳ್ಳುತ್ತಾರೆ.

ಸಾಲದಲೆಕ್ಕ:
ಬೋಂಡಾ ಅವರೇ, ಸ್ವಲ್ಪ ತಾಳಿ. ನಾನು ಕ್ಯಾಲಿಫೋರ್ನಿಯಾದಲ್ಲಿ ಲೋನ್ ಪ್ರೊಸೆಸಿಂಗ್ ಕೆಲಸದಲ್ಲಿ ಬಹಳ ವರ್ಷದಿಂದ ಇದ್ದೇನೆ, ಎಎಂಸಿಗಳು ಇಷ್ಟು ಹರಡದ ಕಾಲವನ್ನೂ ಕಂಡಿದ್ದೇನೆ. ಆಗ ಲೋನ್ ಆಫೀಸರ್ ನೇರವಾಗಿ ಅಪ್ರೈಸರ್‌ಗೆ ಫೋನ್ ಮಾಡುತ್ತಿದ್ದ. 4 ಲಕ್ಷ 20 ಸಾವಿರ ಬರಬೇಕು, ಬರುತ್ತಾ? ಅಂತ ಮೊದಲೇ ಕೇಳಿ ಆಮೇಲೆ ಆರ್ಡರ್ ಕೊಡುವುದು. ಬರಲ್ಲ ಅಂದವರಿಗೆ ಮುಂದಿನ ತಿಂಗಳಿಂದ ಫೋನ್ ಇಲ್ಲ. 2008ರಲ್ಲಿ ಮನೆ ಬೆಲೆ ಕುಸಿದು ಬಿದ್ದದ್ದಕ್ಕೆ ಇದೊಂದೇ ಕಾರಣ ಅಲ್ಲ, ಆದರೆ ಇದೂ ಒಂದು.

2007ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಆಗಿದ್ದ ಆಂಡ್ರ್ಯೂ ಕ್ಯೂಮೊ ಒಂದು ಕೇಸ್ ಹಾಕಿದರು. ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕಿನ ಒತ್ತಡಕ್ಕೆ ಮಣಿದು ಬೆಲೆ ಉಬ್ಬಿಸಿದರು ಅನ್ನುವ ಆರೋಪ. ಯಾರ ಮೇಲೆ ಗೊತ್ತಾ? ಇಅಪ್ರೈಸ್‌ಇಟ್ ಅನ್ನುವ ಕಂಪನಿ ಮತ್ತು ಅದರ ಮಾತೃಸಂಸ್ಥೆ ಫಸ್ಟ್ ಅಮೆರಿಕನ್ ಮೇಲೆ. ಅಂದರೆ ಒಂದು ಎಎಂಸಿ ಮೇಲೆಯೇ! ಅದರ ಬೆನ್ನಿಗೆ, ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ದೊಡ್ಡ ಸಂಸ್ಥೆಗಳಾದ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಜೊತೆ ಒಪ್ಪಂದ ಆಗಿ ಒಂದು ನೀತಿ ಸಂಹಿತೆ ಬಂತು, 2009ರ ಮೇ 1ರಿಂದ ಜಾರಿ. ನಾವೆಲ್ಲ ಎಚ್‌ವಿಸಿಸಿ ಅನ್ನುತ್ತಿದ್ದೆವು. ಕಮಿಷನ್ ಮೇಲೆ ದುಡಿಯುವವರು ಅಪ್ರೈಸರ್ ಅನ್ನು ಆರಿಸಬಾರದು ಅನ್ನುವುದು ಅದರ ತಿರುಳು. ಎಎಂಸಿಯನ್ನೇ ಇಟ್ಟುಕೊಳ್ಳಿ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೆ ಬ್ಯಾಂಕುಗಳಿಗೆ ಅದೇ ಸುಲಭದ ದಾರಿ ಆಯಿತು, ಒಳಗೆ ಬೇರೆ ವಿಭಾಗ ಕಟ್ಟುವ ಬದಲು ಹೊರಗಿನವರಿಗೆ ಕೊಟ್ಟು ಕೈ ತೊಳೆದುಕೊಂಡವು. ಎಎಂಸಿ ಒಂದು ತಪ್ಪು ಮಾಡಿತು ಅಂತ ಶುರುವಾದ ಗಲಾಟೆ ಕೊನೆಗೆ ಎಲ್ಲ ಎಎಂಸಿಗಳ ಹೊಟ್ಟೆ ತುಂಬಿಸಿತು. ನಾನು ಇದನ್ನು ನೆನೆಸಿಕೊಂಡು ಎಷ್ಟೋ ಸಲ ನಕ್ಕಿದ್ದೇನೆ.

ಆಮೇಲೆ 2010ರಲ್ಲಿ ಡಾಡ್-ಫ್ರಾಂಕ್ ಅನ್ನುವ ಕೇಂದ್ರದ ಹಣಕಾಸು ಸುಧಾರಣೆ ಕಾಯ್ದೆ ಬಂತು. ಎಎಂಸಿಗಳನ್ನು ರಾಜ್ಯಗಳು ನೋಂದಾಯಿಸಿ ಮೇಲ್ವಿಚಾರಣೆ ಮಾಡಲಿ ಅಂತ ಬರೆದದ್ದು ಅದರಲ್ಲೇ. ರಾಗಿ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಲೈಸೆನ್ಸ್ ಥರದ್ದು ಬೇಕು. ಅದನ್ನು ರಿಜಿಸ್ಟ್ರೇಶನ್ ಅನ್ನುತ್ತಾರೆ, ರಾಜ್ಯ ರಾಜ್ಯಕ್ಕೂ ಬೇರೆ ಬೇರೆ.

ಫ್ರಿಸ್ಕೋರಾಗಿ:
ಥ್ಯಾಂಕ್ಸ್ ಸರ್. ರಿಜಿಸ್ಟರ್ ಆಗಿದ್ದರೆ ಇಷ್ಟೇ ತಗೋಬೇಕು ಅಂತ ಮಿತಿ ಇರಬೇಕಲ್ವಾ? ಆಟೋ ಮೀಟರ್ ಥರ?

ತುಂಗಾತೀರ:
ಇಲ್ಲ. ಎಲ್ಲರೂ ಎಡವುವುದು ಇಲ್ಲೇ.

ನಾನು ಹ್ಯೂಸ್ಟನ್ ಕಡೆ ಸರ್ಟಿಫೈಡ್ ರೆಸಿಡೆನ್ಶಿಯಲ್ ಅಪ್ರೈಸರ್. ಊರು ತೀರ್ಥಹಳ್ಳಿ. 1,500 ಗಂಟೆ ಇನ್ನೊಬ್ಬರ ಕೈಕೆಳಗೆ ದುಡಿದು ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡವಳು, ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಉಪ್ಪು ಜಾಸ್ತಿ ಇರಬಹುದು, ಹೊಂದಿಸಿಕೊಳ್ಳಿ.

ಕೇಂದ್ರದ ನಿಯಮ 2015ರ ಜೂನ್‌ನಲ್ಲಿ ಬಂತು, ಆಗಸ್ಟ್ 10ರಿಂದ ಜಾರಿ. ಆರು ಏಜೆನ್ಸಿಗಳು ಸೇರಿ ಮಾಡಿದ್ದು. ರಾಜ್ಯಗಳಿಗೆ ಮೂರು ವರ್ಷ ಟೈಮ್ ಕೊಟ್ಟರು, ಬೇಕಾದರೆ ಇನ್ನೊಂದು ವರ್ಷ ವಿಸ್ತರಣೆ. ರಾಜ್ಯ ಕಾಯ್ದೆ ಮಾಡಲೇಬೇಕು ಅಂತ ಬಲವಂತ ಇಲ್ಲ. ಆದರೆ ಮಾಡದಿದ್ದರೆ ಆ ರಾಜ್ಯದಲ್ಲಿ ಮಾಮೂಲಿ ಎಎಂಸಿಗಳು ಕೇಂದ್ರದ ವ್ಯಾಪ್ತಿಯ ಮನೆ ಸಾಲಗಳಿಗೆ ಕೆಲಸ ಮಾಡುವಂತಿಲ್ಲ. ಬಲವಂತ ಇಲ್ಲ ಅನ್ನುತ್ತಲೇ ಕತ್ತು ಹಿಡಿಯುವುದು ಅಂದರೆ ಇದೇ. ಟೆಕ್ಸಾಸ್ ಅಷ್ಟು ಕಾಯಲಿಲ್ಲ, 2011ರಲ್ಲೇ ಕಾಯ್ದೆ ಮಾಡಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಮೊದಲು, 2010ರ ಜನವರಿಯಿಂದಲೇ ಇದೆ.

ರಾಜ್ಯ ಏನು ನೋಡುತ್ತದೆ? ಮೊದಲು ಮಾಲೀಕರು ಯಾರು ಅನ್ನುವುದನ್ನು. ಯಾವುದಾದರೂ ರಾಜ್ಯದಲ್ಲಿ ಅಪ್ರೈಸರ್ ಲೈಸೆನ್ಸ್ ಗಂಭೀರ ತಪ್ಪಿಗೆ ರದ್ದಾಗಿದ್ದು, ಅದು ವಾಪಸ್ ಸಿಗದೆ ಇದ್ದರೆ ಅಂಥವರಿಗೆ ಕಂಪನಿಯಲ್ಲಿ ಒಂದು ಪರ್ಸೆಂಟ್ ಪಾಲು ಇದ್ದರೂ ರಿಜಿಸ್ಟ್ರೇಶನ್ ಇಲ್ಲ. ಕೆಲಸದಲ್ಲಿ ಸಿಕ್ಕಿಬಿದ್ದು ಹೊರಗೆ ಹೋದವರು ಹಿಂದಿನ ಬಾಗಿಲಿಂದ ಕಂಪನಿ ಕಟ್ಟಿಕೊಂಡು ಬರಬಾರದು ಅಂತ. 10 ಪರ್ಸೆಂಟ್‌ಗಿಂತ ಜಾಸ್ತಿ ಪಾಲು ಇರುವವರೆಲ್ಲ ಬ್ಯಾಕ್‌ಗ್ರೌಂಡ್ ಚೆಕ್‌ಗೆ ಒಪ್ಪಬೇಕು.

ಆಮೇಲೆ ಕೆಲಸದ ರೀತಿ. ಲೈಸೆನ್ಸ್ ಇರುವ ಅಪ್ರೈಸರ್‌ಗಳಿಗೆ ಮಾತ್ರ ಕೆಲಸ ಕೊಡಬೇಕು. ಆ ಜಾಗ, ಆ ಥರದ ಮನೆ ಗೊತ್ತಿರುವವರನ್ನೇ ಆರಿಸಬೇಕು. ಯೂಸ್‌ಪ್ಯಾಪ್ ಅನ್ನುವ ನಮ್ಮ ವೃತ್ತಿ ನಿಯಮದ ಪ್ರಕಾರವೇ ವರದಿ ಬರಬೇಕು. ಬೆಲೆ ಇಷ್ಟು ಬರಲಿ ಅಂತ ಒತ್ತಡ ಹಾಕುವಂತಿಲ್ಲ. ನಮ್ಮ ಟೆಕ್ಸಾಸ್‌ನಲ್ಲಿ ಇನ್ನೊಂದಿದೆ: ಪ್ಯಾನೆಲ್‌ನಿಂದ, ಅಂದರೆ ಎಎಂಸಿ ಕೆಲಸ ಕೊಡುವ ಅಪ್ರೈಸರ್‌ಗಳ ಪಟ್ಟಿಯಿಂದ, ನನ್ನನ್ನು ಕಿತ್ತು ಹಾಕುವುದಾದರೆ ಕಾರಣ ಬರೆದು ಕೊಡಬೇಕು, ಉತ್ತರ ಹೇಳಲು ನನಗೆ ಅವಕಾಶ ಇರಬೇಕು. ಹೊರಗಿನವರಿಗೆ ಇದು ಸಣ್ಣ ವಿಷಯ. ನಮಗೆ ಇದೇ ಊಟ. ಮೊದಲೆಲ್ಲ ಕಡಿಮೆ ಬೆಲೆ ಬರೆದರೆ ಯಾರೂ ಬೈಯುತ್ತಿರಲಿಲ್ಲ, ಸುಮ್ನೆ ಆರ್ಡರ್ ನಿಂತುಹೋಗುತ್ತಿತ್ತು.

ಇಷ್ಟರಲ್ಲಿ ನಿಮ್ಮ 700ರ ಬಗ್ಗೆ ಒಂದು ಅಕ್ಷರ ಬಂತಾ? ಬರಲಿಲ್ಲ. ರಿಜಿಸ್ಟ್ರೇಶನ್ ಕಾಯುವುದು ಬೆಲೆ ಬರೆಯುವ ಕೈಯನ್ನು, ನಿಮ್ಮ ಜೇಬನ್ನಲ್ಲ.

ಜರ್ಸಿಬೋಂಡಾ:
ಅಂದರೆ ನಾನು ಹೇಳಿದ್ದೇ ಸರಿ. ಲೈಸೆನ್ಸ್ ಇರುವ ಬ್ರೋಕರ್. ಅಂದಹಾಗೆ 15 ಜನಕ್ಕಿಂತ ಕಡಿಮೆ ಅಪ್ರೈಸರ್ ಇಟ್ಟುಕೊಂಡರೆ ರಿಜಿಸ್ಟ್ರೇಶನ್ನೇ ಬೇಡವಂತೆ. ಎಲ್ಲರೂ 14 ಜನ ಇಟ್ಟುಕೊಂಡು ಹತ್ತು ಕಂಪನಿ ಮಾಡಿದರೆ ಮುಗಿಯಿತು.

ತುಂಗಾತೀರ:
ಲೆಕ್ಕ ಹೀಗಿದೆ. ಒಂದು ರಾಜ್ಯದಲ್ಲಿ 15ಕ್ಕಿಂತ ಹೆಚ್ಚು, ಅಂದರೆ 16ರಿಂದ ಶುರು. ಎರಡು ಅಥವಾ ಹೆಚ್ಚು ರಾಜ್ಯ ಸೇರಿದರೆ 25 ಅಥವಾ ಮೇಲೆ. ಎರಡರಲ್ಲಿ ಯಾವುದು ಮುಟ್ಟಿದರೂ ಅದು ಎಎಂಸಿ. 12 ತಿಂಗಳ ಅವಧಿಯಲ್ಲಿ ಪ್ಯಾನೆಲ್ ಮೇಲೆ ಎಷ್ಟು ಜನ ಇದ್ದರು ಅಂತ ಎಣಿಸುತ್ತಾರೆ, ಅವರಿಗೆ ಕೆಲಸ ಸಿಕ್ಕಿತೋ ಇಲ್ಲವೋ ಮುಖ್ಯ ಅಲ್ಲ, ಪಟ್ಟಿಯಲ್ಲಿ ಇದ್ದರೆ ಎಣಿಕೆಗೆ ಬಂದರು. ಎಣಿಸುವುದು ಸ್ವತಂತ್ರವಾಗಿ ಕೆಲಸ ಮಾಡುವವರನ್ನು ಮಾತ್ರ. ಸಂಬಳಕ್ಕೆ ಅಪ್ರೈಸರ್‌ಗಳನ್ನು ಇಟ್ಟುಕೊಂಡ ಆಫೀಸು ಎಎಂಸಿ ಅಲ್ಲ, ಅಲ್ಲಿ 40 ಜನ ಇದ್ದರೂ ಅಲ್ಲ. ಇದು ಕೇಂದ್ರದ ಕನಿಷ್ಠ. ರಾಜ್ಯಗಳು ಇದಕ್ಕಿಂತ ಬಿಗಿ ಮಾಡಬಹುದು. ಮತ್ತೆ 14 ಜನರ ಕಂಪನಿಗೆ ಯಾವ ದೊಡ್ಡ ಬ್ಯಾಂಕೂ ಆರ್ಡರ್ ಕೊಡುವುದಿಲ್ಲ ಬೋಂಡಾ, ನಿಮ್ಮ ಐಡಿಯಾ ಚೆನ್ನಾಗಿದೆ ಆದರೆ ವ್ಯಾಪಾರ ಆಗಲ್ಲ.

ನೈಟ್‌ಶಿಫ್ಟ್‌ನಂಜ:
ಈ ಚರ್ಚೆ ನೋಡಿ ನಿದ್ದೆ ಹೋಯಿತು. ನಾನು ಬೆಂಗಳೂರಲ್ಲಿ, ಒಂದು ಎಎಂಸಿಯ ಬ್ಯಾಕ್ ಆಫೀಸಿನಲ್ಲೇ ಕೆಲಸ. ಸಂಜೆ ಆರೂವರೆಗೆ ಕ್ಯಾಬ್, ಬೆಳಗಿನ ಜಾವ ಮನೆ. ಫ್ರಿಸ್ಕೋ, ಪ್ಲೇನೋ, ಮೆಕಿನಿ ಬೀದಿಗಳ ಹೆಸರು ನನಗೆ ಜಯನಗರಕ್ಕಿಂತ ಚೆನ್ನಾಗಿ ಗೊತ್ತು, ಒಂದು ಸಲವೂ ಅಲ್ಲಿಗೆ ಹೋಗಿಲ್ಲ.

ಬರೀ ಈಮೇಲ್ ಫಾರ್ವರ್ಡ್ ಅಂದಿರಲ್ಲ ಸರ್, ಒಂದು ರಾತ್ರಿ ನನ್ನ ಜೊತೆ ಕೂತು ನೋಡಿ. ಆರ್ಡರ್ ಬರುತ್ತದೆ. ಆ ಕೌಂಟಿಯಲ್ಲಿ ನಮ್ಮ ಪ್ಯಾನೆಲ್‌ನವರು ಯಾರಿದ್ದಾರೆ, ಅವರ ಲೈಸೆನ್ಸ್ ಇವತ್ತಿನ ತಾರೀಖಿಗೆ ಚಾಲ್ತಿಯಲ್ಲಿದೆಯಾ, ಇನ್ಶೂರೆನ್ಸ್ ಮುಗಿದಿದೆಯಾ ಅಂತ ನೋಡಬೇಕು. ಆಮೇಲೆ ಒಬ್ಬೊಬ್ಬರಿಗೆ ಕಳಿಸುವುದು. ಒಬ್ಬರು ಬೇಡ ಅನ್ನುತ್ತಾರೆ, ಇನ್ನೊಬ್ಬರು ಎರಡು ವಾರ ಆಗುತ್ತದೆ ಅನ್ನುತ್ತಾರೆ, ಮತ್ತೊಬ್ಬರು 600 ಕೊಟ್ಟರೆ ಬರುತ್ತೇನೆ ಅನ್ನುತ್ತಾರೆ. ಕೊನೆಗೆ ಒಪ್ಪಿದವರು ಮನೆ ಮಾಲೀಕರಿಗೆ ಫೋನ್ ಮಾಡಿದರೆ ಅವರು ಎತ್ತಲ್ಲ. ಅದನ್ನೂ ನಾವೇ ಬೆನ್ನು ಹತ್ತಬೇಕು.

ವರದಿ ಬಂದ ಮೇಲೆ ಚೆಕಿಂಗ್. ಇಲ್ಲಿ ಒಂದು ಗೆರೆ ಇದೆ, ಟ್ರೇನಿಂಗಿನ ಮೊದಲ ದಿನವೇ ಹೇಳಿಕೊಟ್ಟರು. ನನಗೆ ಅಪ್ರೈಸರ್ ಲೈಸೆನ್ಸ್ ಇಲ್ಲ. ಬೆಲೆ ಜಾಸ್ತಿಯಾಯಿತು ಕಡಿಮೆಯಾಯಿತು ಅಂತ ನಾನು ಬಾಯಿ ಬಿಡುವಂತಿಲ್ಲ, ಅದನ್ನು ಹೇಳಿದರೆ ಅದು ಅಪ್ರೈಸಲ್ ರಿವ್ಯೂ ಆಗಿಬಿಡುತ್ತದೆ, ಅದಕ್ಕೆ ಲೈಸೆನ್ಸ್ ಇರುವವರೇ ಆಗಬೇಕು. ಆದರೆ ಮೊದಲ ಪುಟದಲ್ಲಿ ಬೆಡ್‌ರೂಮ್ 4 ಅಂತಿದೆ, ಸ್ಕೆಚ್‌ನಲ್ಲಿ 3 ಇದೆ, ಯಾವುದು ಸರಿ ಅಂತ ಕೇಳಬಹುದು. ಅಡುಗೆ ಮನೆ ಫೋಟೋ ಇಲ್ಲ ಅಂತ ಕೇಳಬಹುದು. ಕೂಡುವ ಕಳೆಯುವ ಲೆಕ್ಕ ತಪ್ಪಿದ್ದರೆ ಹೇಳಬಹುದು. ಮೊನ್ನೆ ಒಂದು ವರದಿಯಲ್ಲಿ ಈಜುಕೊಳ ಇದೆ ಅಂತ ಬರೆದಿದ್ದರು, ಹಿಂದಿನ ಅಂಗಳದ ಫೋಟೋದಲ್ಲಿ ನಾಯಿಮನೆ ಬಿಟ್ಟರೆ ಏನೂ ಇಲ್ಲ. ಹಳೇ ವರದಿಯಿಂದ ಕಾಪಿ ಮಾಡಿದ್ದು ಪಾಪ.

ಇನ್ನೊಂದು ಖರ್ಚು ಯಾರಿಗೂ ಕಾಣಲ್ಲ. ವಾಷಿಂಗ್ಟನ್‌ನಲ್ಲಿ ಅಪ್ರೈಸಲ್ ಸಬ್‌ಕಮಿಟಿ ಅಂತ ಇದೆ, ಅವರು ಎಎಂಸಿಗಳ ರಾಷ್ಟ್ರೀಯ ಪಟ್ಟಿ ಇಡುತ್ತಾರೆ. ಆ ಪಟ್ಟಿಗೆ ರಾಜ್ಯದ ಮೂಲಕ ಫೀ ಹೋಗುತ್ತದೆ. ಹಿಂದಿನ ವರ್ಷ ಆ ರಾಜ್ಯದಲ್ಲಿ ನಮಗೆ ಎಷ್ಟು ಅಪ್ರೈಸರ್‌ಗಳು ಕೆಲಸ ಮಾಡಿಕೊಟ್ಟರೋ ಅಷ್ಟು ಜನಕ್ಕೆ ತಲಾ 25 ಡಾಲರ್. ಒಬ್ಬರು ಇಡೀ ವರ್ಷದಲ್ಲಿ ಒಂದೇ ಒಂದು ಮನೆ ನೋಡಿದ್ದರೂ 25. ಪ್ರತಿ ವರ್ಷ, ರಾಜ್ಯ ರಾಜ್ಯಕ್ಕೂ. ಅದರ ಮೇಲೆ ಆಯಾ ರಾಜ್ಯದ ನೋಂದಣಿ ಫೀ, ಕೆಲವು ಕಡೆ ಶ್ಯೂರಿಟಿ ಬಾಂಡ್ ಅನ್ನುವ ಜಾಮೀನು. ರಿನ್ಯೂವಲ್ ತಾರೀಖುಗಳದ್ದೇ ಒಂದು ಎಕ್ಸೆಲ್ ಇದೆ ನಮ್ಮಲ್ಲಿ, ಅದನ್ನು ನೋಡಿಕೊಳ್ಳುವ ಹುಡುಗಿ ರಜೆ ಹಾಕಿದರೆ ಮ್ಯಾನೇಜರ್‌ಗೆ ಬಿ.ಪಿ.

275ರಲ್ಲಿ ಲಾಭ ಇಲ್ಲ ಅನ್ನಲ್ಲ. ಇದೆ. ನನ್ನ ಸಂಬಳ ನೋಡಿದರೆ ಲಾಭ ಎಲ್ಲಿಗೆ ಹೋಗುತ್ತಿದೆ ಅಂತ ನನಗೂ ಅನುಮಾನ.

ಕೋಡುಬಳೆ_ಕೋಡರ್:
ಅಣ್ಣಾ, ಒಂದು ದಡ್ಡ ಪ್ರಶ್ನೆ. ಸಾಫ್ಟ್‌ವೇರ್ ಇದ್ದರೆ ಸಾಕು ಅನ್ನಿಸುತ್ತಿದೆ. ಅಮೆರಿಕದಲ್ಲಿ ಒಂದು ಕಂಪನಿ (ಎಲ್‌ಎಲ್‌ಸಿ) ಮಾಡಿ, ಆಪ್ ಕಟ್ಟಿ, ನಾನೇ ಒಂದು ಎಎಂಸಿ ತೆಗೆದರೆ ಹೇಗೆ? 275ರ ಬದಲು 100 ತಗೊಳ್ಳೋಣ.

ಸಾಲದಲೆಕ್ಕ:
ತೆಗೀರಿ. ಆದರೆ 100ರಲ್ಲಿ ಎಷ್ಟು ದಿನ ಓಡುತ್ತೆ ಅಂತ ನಂಜನನ್ನು ಕೇಳಿ.

ತುಂಗಾತೀರ:
ಕೋಡರ್, ದಡ್ಡ ಪ್ರಶ್ನೆ ಅಲ್ಲ. ವರ್ಷಕ್ಕೆ ನಾಲ್ಕು ಜನ ನನಗೆ ಇದನ್ನೇ ಕೇಳುತ್ತಾರೆ, ಎಲ್ಲರೂ ಸಾಫ್ಟ್‌ವೇರ್‌ನವರೇ. ಮೊದಲು ಯಾವ ರಾಜ್ಯ ಅಂತ ಗಟ್ಟಿ ಮಾಡಿಕೊಳ್ಳಿ. ಟೆಕ್ಸಾಸ್ ರಿಜಿಸ್ಟ್ರೇಶನ್ ತೋರಿಸಿ ಒಕ್ಲಹೋಮಾದಲ್ಲಿ ಕೆಲಸ ಮಾಡಲು ಆಗಲ್ಲ, ಗಡಿ ದಾಟಿದರೆ ಹೊಸ ಅರ್ಜಿ, ಹೊಸ ಫೀ. ಆಮೇಲೆ ಹೂಡಿಕೆದಾರರು. ನಿಮ್ಮ ಕಸಿನ್ 12 ಪರ್ಸೆಂಟ್ ಹಾಕಿದರೆ ಅವರ ಹಿನ್ನೆಲೆಯೂ ಪರಿಶೀಲನೆಗೆ ಹೋಗುತ್ತದೆ. ಅಪ್ರೈಸರ್ ಆರಿಸುವುದನ್ನು ಆಪ್‌ಗೆ ಬಿಟ್ಟಿದ್ದೆ ಅನ್ನುವ ಉತ್ತರವನ್ನು ಯಾವ ರಾಜ್ಯದ ಅಪ್ರೈಸರ್ ಬೋರ್ಡೂ ಒಪ್ಪಲ್ಲ. ಆರಿಸಿದ್ದು ಹೇಗೆ, ಆ ಮನುಷ್ಯನಿಗೆ ಆ ಜಾಗದ ಅನುಭವ ಇದೆ ಅಂತ ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳುತ್ತಾರೆ, ದಾಖಲೆ ಬೇಕು. ಗ್ಯಾಲ್ವೆಸ್ಟನ್ ಸಮುದ್ರದ ಪಕ್ಕದ ಮನೆಗೆ ಎಲ್ಲಕ್ಕಿಂತ ಕಡಿಮೆ ರೇಟು ಹೇಳಿದ ಅಂತ ದೂರದ ಡಲ್ಲಾಸ್‌ನವರನ್ನು ಕಳಿಸುವ ಆಪ್ ನಾನು ನೋಡಿದ್ದೇನೆ. ನಾನೇ ಬಳಸಿದ್ದೇನೆ, ಹೆಸರು ಬೇಡ.

ಬಾಂಡ್ ಯಾಕೆ ಅಂತ ಕೇಳಬೇಡಿ. ಹಿಂದೆ ಎಎಂಸಿಗಳು ರಾತ್ರೋರಾತ್ರಿ ಬಾಗಿಲು ಹಾಕಿದಾಗ ನಮ್ಮಂಥವರ ದುಡ್ಡು ಮುಳುಗಿದೆ. ಗ್ರಾಹಕರಿಂದ ಮೊದಲೇ ವಸೂಲಿ ಮಾಡಿದ್ದರು, ನಮಗೆ ಕೊಡಲಿಲ್ಲ. ನನ್ನದೂ ಹನ್ನೊಂದು ಮನೆಯ ದುಡ್ಡು ಹಾಗೆ ಹೋಗಿದೆ. ಬೇಸಿಗೆಯಲ್ಲಿ ಅಟ್ಟದ ಮೇಲೆ ಹತ್ತಿ ಇನ್ಸುಲೇಶನ್ ಫೋಟೋ ತೆಗೆದ ಹನ್ನೊಂದು ಮನೆ.

ಕೋಡುಬಳೆ_ಕೋಡರ್:
ಸರಿ ಅಕ್ಕಾ, ಕೋಡುಬಳೆಯೇ ವಾಸಿ.

ಫ್ರಿಸ್ಕೋರಾಗಿ:
ಅಪ್‌ಡೇಟ್. ಟೆಕ್ಸಾಸ್‌ನ ಅಪ್ರೈಸರ್ ಬೋರ್ಡಿನ ವೆಬ್‌ಸೈಟಿಗೆ ಹೋಗಿ ಹುಡುಕಿದೆ. ಟಿಎಎಲ್‌ಸಿಬಿ ಅಂತ, ಆಸ್ಟಿನ್‌ನಲ್ಲಿದೆ. ಅಲ್ಲಿ ಎಎಂಸಿ ಹೆಸರು ಹಾಕಿ ಹುಡುಕುವ ಜಾಗ ಇದೆ. ನನ್ನ ಕಾರ್ಡ್ ಬಿಲ್‌ನಲ್ಲಿ ಇರುವ ಹೆಸರು ಹಾಕಿದೆ, ಸೊನ್ನೆ. ಲಿಂಕ್ ಬಂದ ಈಮೇಲ್‌ನಲ್ಲಿ ಇನ್ನೊಂದು ಹೆಸರು ಇತ್ತು, ಅದೂ ಸೊನ್ನೆ. ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ನೋಡಿದೆ. ಅಕ್ಕಾ, ಇವರು ರಿಜಿಸ್ಟರ್ ಆಗದೆ ಕೆಲಸ ಮಾಡುತ್ತಿದ್ದಾರಾ? ಮೂರು ದಿನದಿಂದ ನಿದ್ದೆ ಇಲ್ಲ, ಹೆಂಡತಿ ಬೇರೆ ಕೆಲಸ ಇಲ್ವಾ ನಿಮಗೆ ಅಂತ ಬೈಯುತ್ತಿದ್ದಾಳೆ.

ಜರ್ಸಿಬೋಂಡಾ:
ಸಿಕ್ಕಿಬಿದ್ದರು! ಕಂಪ್ಲೇಂಟ್ ಹಾಕಿ ಗುರು.

ತುಂಗಾತೀರ:
ಕಂಪ್ಲೇಂಟ್‌ಗೆ ಮೊದಲು ಒಂದು ಕೆಲಸ ಮಾಡಿ. ವರದಿ ನಿಮ್ಮ ಕೈಗೆ ಬಂದಿದೆಯಾ? ಬಂದಿಲ್ಲ ಅಂದರೆ ಕೇಳಿ. ವರದಿ ರೆಡಿಯಾದ ತಕ್ಷಣ ಒಂದು ಪ್ರತಿ ನಿಮಗೆ ಕೊಡಲೇಬೇಕು, ತಡ ಅಂದರೂ ಕ್ಲೋಸಿಂಗ್‌ಗೆ (ಸಾಲದ ಕಾಗದಗಳಿಗೆ ಸಹಿ ಹಾಕುವ ದಿನಕ್ಕೆ) ಮೂರು ಕೆಲಸದ ದಿನ ಮೊದಲು. 2014ರ ಜನವರಿಯಿಂದ ಇದು ನಿಯಮ, ಪ್ರತಿಗೆ ಬೇರೆ ದುಡ್ಡೂ ಕೇಳುವಂತಿಲ್ಲ.

ವರದಿ ತೆಗೆದು ಅಪ್ರೈಸರ್ ಸಹಿ ಹಾಕಿರುವ ಪುಟಕ್ಕೆ ಹೋಗಿ. ಎಡಗಡೆ ಕೆಳಗೆ ಲೆಂಡರ್/ಕ್ಲೈಂಟ್ ಅಂತ ಒಂದು ಡಬ್ಬಿ ಇದೆ. ಅದರಲ್ಲಿ ನೇಮ್ ಅನ್ನುವ ಸಾಲು, ಅದರ ಕೆಳಗೆ ಕಂಪನಿ ನೇಮ್ ಅನ್ನುವ ಸಾಲು. ಎಲ್ಲರೂ ಮೇಲಿನದು ಯಾರದೋ ಆಫೀಸರ್ ಹೆಸರು ಅಂದುಕೊಳ್ಳುತ್ತಾರೆ. ಅಲ್ಲ. ಎಎಂಸಿ ಇದ್ದರೆ ಅದರ ಹೆಸರು ಬರೆಯುವ ಜಾಗ ಅದು. ಎಎಂಸಿ ಇಲ್ಲದಿದ್ದರೆ 'ನೋಎಎಂಸಿ' ಅಂತಲೇ ಬರೆಯಬೇಕು. ಕೆಳಗಿನ ಸಾಲಿನಲ್ಲಿ ನಿಮ್ಮ ಸಾಲದವರ ಹೆಸರು ಇರುತ್ತದೆ. ಆ ಮೇಲಿನ ಸಾಲಿನ ಹೆಸರು ಹಾಕಿ ಹುಡುಕಿ.

ಅದೂ ಸಿಗದಿದ್ದರೆ ಇನ್ನೊಂದು ಸಾಧ್ಯತೆ ಇದೆ. ಬ್ಯಾಂಕಿನದೇ ಅಂಗಸಂಸ್ಥೆಯಾಗಿದ್ದು ಕೇಂದ್ರದ ನಿಯಂತ್ರಕರ ಕೆಳಗೆ ಬರುವ ಎಎಂಸಿಗೆ ರಾಜ್ಯದ ರಿಜಿಸ್ಟ್ರೇಶನ್ ಬೇಡ. ಮಾಲೀಕತ್ವದ ನಿಯಮ, ಒತ್ತಡದ ನಿಯಮ ಅವರಿಗೂ ಅನ್ವಯ, ರಾಷ್ಟ್ರೀಯ ಪಟ್ಟಿಯಲ್ಲೂ ಇರಬೇಕು. ಅಂಥವರು ಕಡಿಮೆ.

ಫ್ರಿಸ್ಕೋರಾಗಿ:
ಸಿಕ್ಕಿತು! ಆ ಮೇಲಿನ ಸಾಲಿನಲ್ಲಿ ಮೂರನೇ ಹೆಸರು ಇದೆ. ಬೋರ್ಡಿನ ಸೈಟಲ್ಲಿ ಹಾಕಿದ ಕೂಡಲೇ ಬಂತು, ರಿಜಿಸ್ಟ್ರೇಶನ್ ಚಾಲ್ತಿಯಲ್ಲಿದೆ, ಮುಗಿಯುವ ತಾರೀಖೂ ಇದೆ. ಕಾರ್ಡ್ ಬಿಲ್‌ನಲ್ಲಿ ಇದ್ದದ್ದು ದುಡ್ಡು ವಸೂಲಿ ಮಾಡುವ ಕಂಪನಿ, ಈಮೇಲ್‌ನಲ್ಲಿ ಇದ್ದದ್ದು ಸಾಫ್ಟ್‌ವೇರ್ ಹೆಸರು. ಅಂದರೆ 700 ಡಾಲರ್ ಮೂರು ಕೈ ದಾಟಿ ನಾಲ್ಕನೇ ಕೈಗೆ 425 ಆಗಿ ಹೋಗಿದೆ. ಬೋಂಡಾ ಅವರೇ, ಕಂಪ್ಲೇಂಟ್ ಡ್ರಾಫ್ಟ್ ಡಿಲೀಟ್ ಮಾಡಿದೆ.

ಜರ್ಸಿಬೋಂಡಾ:
ಬೇಜಾರಾಯಿತು. ಆದರೂ ಕೇಳುತ್ತೇನೆ, ಫೀ ಎಷ್ಟು ಅಂತ ರಾಜ್ಯವೇ ಫಿಕ್ಸ್ ಮಾಡಿದರೆ ಏನು ಕಷ್ಟ? ನಮ್ಮ ಭಾವ ಇಲ್ಲಿ ಮಿಲಿಟರಿಯಲ್ಲಿದ್ದವರು, ಅವರ ಮನೆಗೆ ವಿಎ ಸಾಲ, ಅಂದರೆ ಮಾಜಿ ಸೈನಿಕರ ಇಲಾಖೆಯ ಯೋಜನೆಯದು. ಅಲ್ಲಿ ಅಪ್ರೈಸರ್ ಅನ್ನು ಇಲಾಖೆಯೇ ಸರದಿ ಪ್ರಕಾರ ಕಳಿಸಿತು, ಫೀ ಪಟ್ಟಿಯನ್ನೂ ಇಲಾಖೆಯೇ ಹಾಕಿದೆ. ಬ್ರೋಕರ್ ಇಲ್ಲ, ಗಲಾಟೆ ಇಲ್ಲ.

ಸಾಲದಲೆಕ್ಕ:
ವಿಎ ವಿಷಯ ನಿಜ. ಬೇರೆ ಸಾಲಗಳಿಗೂ ಹಾಗೆ ಮಾಡೋಣ ಅಂತ ಲೂಯಿಸಿಯಾನಾ ಒಂದು ಪ್ರಯತ್ನ ಮಾಡಿ ಕೈ ಸುಟ್ಟುಕೊಂಡಿತು. ಡಾಡ್-ಫ್ರಾಂಕ್‌ನಲ್ಲಿ ಅಪ್ರೈಸರ್‌ಗೆ ಆ ಜಾಗದಲ್ಲಿ ರೂಢಿಯಲ್ಲಿರುವ ನ್ಯಾಯವಾದ ಫೀ ಕೊಡಬೇಕು ಅಂತ ಒಂದು ಮಾತಿದೆ. ನ್ಯಾಯ ಅಂದರೆ ಎಷ್ಟು? ಲೂಯಿಸಿಯಾನಾ ಬೋರ್ಡು ಒಂದು ವಿಶ್ವವಿದ್ಯಾಲಯದಿಂದ ಫೀ ಸರ್ವೆ ಮಾಡಿಸಿ, ಅದಕ್ಕಿಂತ ಕಡಿಮೆ ಕೊಟ್ಟ ಎಎಂಸಿಗಳ ಮೇಲೆ ಕ್ರಮ ಶುರು ಮಾಡಿತು. 2017ರಲ್ಲಿ ವ್ಯಾಪಾರದ ಪೈಪೋಟಿ ಕಾಯುವ ಕೇಂದ್ರದ ಏಜೆನ್ಸಿ ಎಫ್‌ಟಿಸಿ ಬಂದು, ಇದು ಪೈಪೋಟಿಯನ್ನು ಕಟ್ಟಿಹಾಕುವುದು, ಅಪ್ರೈಸರ್‌ಗಳೇ ಕೂತಿರುವ ಬೋರ್ಡು ಅಪ್ರೈಸರ್‌ಗಳ ರೇಟು ಫಿಕ್ಸ್ ಮಾಡಿದ ಹಾಗೆ ಅಂತ ಕೇಸ್ ಹಾಕಿತು. ಐದು ವರ್ಷ ಜಗ್ಗಾಡಿ 2022ರಲ್ಲಿ ಬೋರ್ಡು ಅದನ್ನು ಬಿಡಲು ಒಪ್ಪಿತು. ಅದಾದ ಮೇಲೆ ಉಳಿದ ರಾಜ್ಯದವರು ಫೀ ವಿಷಯಕ್ಕೆ ಕೈ ಹಾಕಲು ಹೆದರುತ್ತಾರೆ ಅಂತ ನನ್ನ ಅನಿಸಿಕೆ.

ತುಂಗಾತೀರ:
ಆ ಕೇಸಿನಲ್ಲಿ ನನ್ನ ಮನಸ್ಸು ಬೋರ್ಡಿನ ಕಡೆಗೇ ಇತ್ತು, ಹೇಳಿಬಿಡುತ್ತೇನೆ. ರೂಢಿಯ ಫೀ ಅನ್ನುತ್ತಾರೆ, ರೂಢಿ ಮಾಡಿದವರು ಯಾರು? ಎಎಂಸಿಗಳೇ. ಕಾಯ್ದೆ ಬಾಯಲ್ಲಿ ಹೇಳಿದ್ದನ್ನು ಒಂದು ರಾಜ್ಯ ಕೈಯಲ್ಲಿ ಮಾಡಲು ಹೋದರೆ ತಪ್ಪಾಯಿತು.

ಸಾಲದಲೆಕ್ಕ:
ಮೇಡಂ, ಬೋರ್ಡಿನಲ್ಲಿ ಸಾಲ ಪಡೆಯುವವರ ಕಡೆಯವರು ಕೂತಿದ್ದರೆ ನಾನೂ ಒಪ್ಪುತ್ತಿದ್ದೆ. ಫೀ ಏರಿದರೆ ಕಟ್ಟುವವರು ಎಎಂಸಿ ಅಲ್ಲ, ರಾಗಿ ಥರದವರು.

ತುಂಗಾತೀರ:
ಹಾಗಾದರೆ ಬಿಲ್ಲನ್ನು ಎರಡು ಸಾಲಿನಲ್ಲಿ ತೋರಿಸಲಿ, ಅಪ್ರೈಸರ್‌ಗೆ ಇಷ್ಟು, ಎಎಂಸಿಗೆ ಇಷ್ಟು. ಕ್ಲೋಸಿಂಗ್ ಕಾಗದದಲ್ಲಿ ಹಾಗೆ ಬೇರ್ಪಡಿಸಲು ಕೇಂದ್ರ ಅನುಮತಿ ಕೊಟ್ಟಿದೆ, ಕಡ್ಡಾಯ ಮಾಡಿಲ್ಲ. ಕಡ್ಡಾಯ ಇಲ್ಲದ್ದನ್ನು ಯಾರು ಮಾಡುತ್ತಾರೆ? ಹಲವು ರಾಜ್ಯಗಳಲ್ಲಿ ನನಗೆ ಸಿಕ್ಕ ಫೀಯನ್ನು ನಾನು ವರದಿಯಲ್ಲಿ ಬರೆದರೆ ಎಎಂಸಿ ತಡೆಯುವಂತಿಲ್ಲ. ನಾನು ಬರೆಯುತ್ತೇನೆ. ಪ್ರತಿ ಸಲ.

ಸಾಲದಲೆಕ್ಕ:
ಇದಕ್ಕೆ ನನ್ನದೂ ಒಂದು ವೋಟು. ರಾಗಿ ಅವರೇ, ನಿಮಗೆ ಉಪಯೋಗಕ್ಕೆ ಬರುವ ಒಂದು ಮಾತು: ಲೋನ್ ಎಸ್ಟಿಮೇಟ್‌ನಲ್ಲಿ (ಶುರುವಿನಲ್ಲೇ ಸಾಲದವರು ಕೊಡುವ ಖರ್ಚಿನ ಅಂದಾಜು ಪಟ್ಟಿ) ಅಪ್ರೈಸಲ್ ಫೀ ಎಷ್ಟಿತ್ತು ನೋಡಿ. ಅಪ್ರೈಸರ್ ಅನ್ನು ನೀವು ಆರಿಸಿಲ್ಲವಾದ್ದರಿಂದ, ಸರಿಯಾದ ಕಾರಣ ಇಲ್ಲದೆ ಅದರ ಮೇಲೆ ಒಂದು ಡಾಲರ್ ಕೂಡ ಏರಿಸುವಂತಿಲ್ಲ. ಏರಿದ್ದರೆ ವಾಪಸ್ ಕೊಡಬೇಕು.

ಫ್ರಿಸ್ಕೋರಾಗಿ:
ನೋಡಿದೆ ಸರ್. ಅದರಲ್ಲಿ 650 ಇದೆ!! ಕಟ್ಟಿಸಿಕೊಂಡಿದ್ದು 700.

ಸಾಲದಲೆಕ್ಕ:
ಈಗಲೇ ಲೋನ್ ಆಫೀಸರ್‌ಗೆ ಈಮೇಲ್ ಹಾಕಿ. ಫೋನ್ ಬೇಡ, ಬರಹದಲ್ಲೇ ಇರಲಿ.

ಹುಬ್ಬಳ್ಳಿಎಂಜಿನಿಯರ್:
ತಡವಾಗಿ ಬಂದೆ. ನಾನು ಇಲ್ಲಿ ಹುಬ್ಬಳ್ಳಿಯಲ್ಲಿ ಬ್ಯಾಂಕ್ ಪ್ಯಾನೆಲ್‌ನಲ್ಲಿರುವ ವ್ಯಾಲ್ಯೂಯರ್, ನಿಮ್ಮ ಅಪ್ರೈಸರ್ ಥರ. ನಮ್ಮಲ್ಲಿ ಕಂಪನಿ ಕಾಯ್ದೆಯ ಕೆಲಸಕ್ಕೆ 2017ರ ನಿಯಮದ ಪ್ರಕಾರ ಐಬಿಬಿಐ ಅನ್ನುವ ದಿವಾಳಿತನ ಮಂಡಳಿಯಲ್ಲಿ ನೋಂದಣಿ ಬೇಕು. ಭೂಮಿ-ಕಟ್ಟಡಕ್ಕೆ ಬೇರೆ, ಯಂತ್ರಕ್ಕೆ ಬೇರೆ, ಷೇರು ಇತ್ಯಾದಿಗೆ ಬೇರೆ ಪರೀಕ್ಷೆ. ನಡುವಿನ ಕಂಪನಿಯನ್ನು ನೋಂದಾಯಿಸುವ ನಿಮ್ಮ ಪದ್ಧತಿ ಓದಿ ಹೊಟ್ಟೆಕಿಚ್ಚಾಯಿತು ನೋಡ್ರಿ. ಪಾರ್ಟಿಯೇ ಕಾರು ತಂದು ನನ್ನನ್ನು ಸೈಟಿಗೆ ಕರೆದುಕೊಂಡು ಹೋಗಿ, ದಾರಿಯಲ್ಲಿ ಇಷ್ಟು ಬರೀರಿ ಸಾಹೇಬ್ರ ಅನ್ನುವುದು ಇನ್ನೂ ನಿಂತಿಲ್ಲ. 275 ಡಾಲರ್ ಕೊಟ್ಟು ಅದನ್ನು ನಿಲ್ಲಿಸಬಹುದಾದರೆ ನಾನೇ ಕೊಡುತ್ತಿದ್ದೆ, ರೂಪಾಯಿಯಲ್ಲಿ.

ಫ್ರಿಸ್ಕೋರಾಗಿ:
ಕೊನೇ ಅಪ್‌ಡೇಟ್. 50 ಡಾಲರ್ ಕ್ಲೋಸಿಂಗ್ ಲೆಕ್ಕದಲ್ಲಿ ವಾಪಸ್ ಕೊಡುತ್ತೇವೆ ಅಂತ ಸಾಲದವರಿಂದ ಬರಹದಲ್ಲಿ ಬಂತು, ಎರಡೇ ಗಂಟೆಯಲ್ಲಿ. ಸಾಲದಲೆಕ್ಕ ಸರ್‌ಗೆ ಡಲ್ಲಾಸ್‌ಗೆ ಬಂದಾಗ ರಾಗಿಮುದ್ದೆ ಊಟ.

ಬೆಲೆ ಮಾತ್ರ ನಾವಂದುಕೊಂಡದ್ದಕ್ಕಿಂತ 18 ಸಾವಿರ ಕಡಿಮೆ ಬಂದಿದೆ. ಮರುಪರಿಶೀಲನೆಗೆ ಕೇಳಬಹುದು ಅಂತ ಲೋನ್ ಪ್ರೊಸೆಸರ್ ಹೇಳಿದರು, ಒಂದೇ ಸಲ ಅವಕಾಶ, ಬೆಲೆ ಹೋಲಿಸಲು ಮಾರಾಟವಾದ ಬೇರೆ ಮನೆಗಳನ್ನು ಐದರ ತನಕ ಕೊಡಬಹುದಂತೆ. ನಾನು ಮೂರು ಕೊಟ್ಟೆ. ಅಪ್ರೈಸರ್ ಒಂದನ್ನು ಒಪ್ಪಿ 6 ಸಾವಿರ ಏರಿಸಿದರು, ಉಳಿದ ಎರಡು ಯಾಕೆ ಆಗಲ್ಲ ಅಂತ ಅರ್ಧ ಪುಟ ಬರೆದಿದ್ದಾರೆ. ಓದಿದರೆ ಅವರು ಹೇಳುವುದೇ ಸರಿ ಅನ್ನಿಸುತ್ತದೆ, ಅದೇ ಸಿಟ್ಟು. ದೇವರ ಮನೆ ವಿಸ್ತೀರ್ಣದ ಲೆಕ್ಕಕ್ಕೆ ಬರಲೇ ಇಲ್ಲ.

ತುಂಗಾತೀರ:
ಬರಲ್ಲ. ಫ್ಯಾನಿ ಮೇಗೆ ಹೋಗುವ ಸಾಲಗಳಿಗೆ 2022ರ ಏಪ್ರಿಲ್‌ನಿಂದ ಅಳತೆಗೆ ಒಂದೇ ಮಾನದಂಡ. ವರ್ಷಪೂರ್ತಿ ವಾಸಕ್ಕೆ ಆಗುವ ಹಾಗೆ ಕಾಯಂ ಹೀಟಿಂಗ್ ಇರಬೇಕು, ನಿಮ್ಮಲ್ಲಿ ಅದು ಬರುವುದೂ ಆ ಡಕ್ಟ್‌ನಲ್ಲೇ. ಡಕ್ಟ್ ಇಲ್ಲದ ಗಾಜಿನ ಪ್ಯಾಟಿಯೋ ಅವರ ಲೆಕ್ಕದಲ್ಲಿ ಪ್ಯಾಟಿಯೋನೇ, ಒಳಗೆ ಯಾರು ಕೂತಿದ್ದರೂ. ಡಕ್ಟ್ ಹಾಕಿಸಿದರೆ ಮುಂದಿನ ಸಲ ನೋಡಬಹುದು.

ಫ್ರಿಸ್ಕೋರಾಗಿ:
ಕೇಳಿದೆ ಅಕ್ಕಾ, 2,400 ಡಾಲರ್ ಅಂದರು. ಹೆಂಡತಿ ಬೇಡ ಅಂದಳು. ಗಾಳಿಗೆ ದೀಪ ಆರುತ್ತದಂತೆ.